8 ಅಡಿಯ ಅಡುಗೆಕೋಣೆ, 35 ಕಿಲೋ ಅಕ್ಕಿ: ಕ್ಯಾಬಿನೆಟ್‌ಗೆ ಮುಂಚೆ ತಾಳವಾಡಿಯ ಲೆಕ್ಕ

ಸತ್ಯಮಂಗಲದಿಂದ ಚಾಮರಾಜನಗರಕ್ಕೆ ಹೋಗುವ ರಸ್ತೆ ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳನ್ನು ಹತ್ತಿದ ಮೇಲೆ ಕಾಡು ಮತ್ತು ಹೊಲ ಒಂದಕ್ಕೊಂದು ತಾಗಿಕೊಂಡ ಎತ್ತರದ ಸೀಮೆಯೊಂದು ಸಿಗುತ್ತದೆ. ಅದೇ ತಾಳವಾಡಿ. ಸರಕಾರ ತಮಿಳುನಾಡಿನದ್ದು, ಜಿಲ್ಲೆ ಈರೋಡ್, ಆದರೆ ಹೆಚ್ಚಿನ ಮನೆಗಳ ಮಾತು ಕನ್ನಡ. ವರನಟ ಡಾ. ರಾಜ್‌ಕುಮಾರ್ ಅವರ ಹುಟ್ಟೂರು ಗಾಜನೂರು ಇರುವುದು ಇಲ್ಲೇ. ಊಟವೂ ಗಡಿಯಾಚೆಯ ಚಾಮರಾಜನಗರದ್ದೇ: ರಾಗಿಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆ.

ಮಂಗಳೂರು, ಉಳ್ಳಾಲ, ಬಂಟ್ವಾಳದ ಓದುಗರಿಗೆ ಈ ಊರಿನ ಅಡುಗೆಮನೆಯಿಂದ ಏನು ಪ್ರಯೋಜನ ಅಂತ ಕೇಳಬಹುದು. ಸಮಸ್ಯೆ ಎರಡೂ ಕಡೆ ಒಂದೇ. ಹಳೆಯ ದೊಡ್ಡ ಮನೆ ಹೋಗಿ ಸಣ್ಣ ಕಾಂಕ್ರೀಟ್ ಮನೆ ಬಂದಿದೆ, ಅಡುಗೆಕೋಣೆ ಕುಗ್ಗಿದೆ, ಆದರೆ ಮನೆಗೆ ಬರುವ ಅಕ್ಕಿ, ಪಾತ್ರೆ, ನೆಂಟರು ಮಾತ್ರ ಕುಗ್ಗಿಲ್ಲ. ತಮಿಳುನಾಡು ಸರಕಾರ 2024ರಲ್ಲಿ ಶುರು ಮಾಡಿದ 'ಕಲೈಞರ್ ಕನವು ಇಲ್ಲಂ' ಯೋಜನೆಯಲ್ಲಿ ಗುಡಿಸಲಿನ ಬದಲು ಕಟ್ಟಿಕೊಡುವ ಮನೆಗೆ ಮೂರೂವರೆ ಲಕ್ಷ ರೂಪಾಯಿ, ಅಡುಗೆಮನೆಯೂ ಸೇರಿ 360 ಚದರ ಅಡಿ. ಕೇಂದ್ರದ ಗ್ರಾಮೀಣ ಆವಾಸ್ ಯೋಜನೆಯಲ್ಲಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 270 ಚದರ ಅಡಿ. ಇಷ್ಟರಲ್ಲಿ ಮಲಗುವುದು, ಕೂರುವುದು, ಬೇಯಿಸುವುದು ಎಲ್ಲಾ ಆಗಬೇಕು. ಇತ್ತ ಅಂತ್ಯೋದಯ ಕಾರ್ಡಿನ ಮನೆಗೆ ತಿಂಗಳಿಗೆ 35 ಕಿಲೋ ಧಾನ್ಯ ಬರುತ್ತದೆ. ಸ್ವಂತ ಹೊಲ ಇದ್ದವರಿಗೆ ಸುಗ್ಗಿಯಲ್ಲಿ ರಾಗಿ ಮೂಟೆಗಳು ಬೇರೆ. ಇದನ್ನೆಲ್ಲಾ ಎಲ್ಲಿಡೋದು ಅನ್ನುವುದನ್ನು ನಕ್ಷೆ ಬರೆದವರು ಯೋಚಿಸಿರುವುದಿಲ್ಲ. ಮೂಟೆ ಕೊನೆಗೆ ಮಂಚದಡಿ ಸೇರುತ್ತದೆ, ಹಿಂದೆಯೇ ಇಲಿಯೂ ಸೇರುತ್ತದೆ.

ಹಳಬರ ಮನೆಯಲ್ಲಿ ಎಲ್ಲೆಲ್ಲಿ ಏನಿತ್ತು

ತಾಳವಾಡಿಯೂ ಸೇರಿದ ಈ ರಾಗಿ ಸೀಮೆಯಲ್ಲಿ ಹಿಂದೆ ದಾಸ್ತಾನು ಅನ್ನೋದು ಅಡುಗೆಮನೆಯ ಕೆಲಸ ಆಗಿರಲಿಲ್ಲ, ಇಡೀ ಮನೆಯ ಕೆಲಸವಾಗಿತ್ತು. ವರ್ಷದ ರಾಗಿ ನೆಲದೊಳಗಿನ ಹಗೇವಿನಲ್ಲಿ. ಬಾಯಿ ಕಿರಿದು, ಹೊಟ್ಟೆ ಅಗಲವಾದ ಗುಂಡಿ ಅದು. ಹುಲ್ಲು ಹಾಸಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಗಾಳಿಯಾಡದೆ ಹುಳ ಬದುಕುತ್ತಿರಲಿಲ್ಲ. ರಾಗಿ ಕಾಳು ಸಣ್ಣದು, ಗಟ್ಟಿ. ಚೆನ್ನಾಗಿ ಒಣಗಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ತೆರೆದ ಕೂಡಲೇ ಯಾರೂ ಒಳಗೆ ಇಳಿಯುತ್ತಿರಲಿಲ್ಲ. ಮೊದಲು ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಒಳಗಿರುವುದು ಉಸಿರುಗಟ್ಟಿಸುವ ಗಾಳಿ.

ತಿಂಗಳ ಬಳಕೆಯ ಕಾಳು ಮಣ್ಣಿನ ವಾಡೆಯಲ್ಲಿ, ಗೋಡೆ ಮೂಲೆಗೆ. ದಿನದ ಉಪ್ಪು, ಖಾರ, ಹುಣಸೆ, ದೀಪದ ಬುಡ್ಡಿ ಗೋಡೆಯೊಳಗಿನ ಗೂಡಿನಲ್ಲಿ. ಹಾಲು, ಮಜ್ಜಿಗೆ, ಬೆಣ್ಣೆ ಬೆಕ್ಕಿಗೆ ಸಿಗದಂತೆ ಸೂರಿನಿಂದ ಇಳಿಬಿಟ್ಟ ನೆಲವಿನಲ್ಲಿ. ಬಿತ್ತನೆ ಜೋಳದ ತೆನೆ, ಅವರೆ, ಸೋರೆ ಬುರುಡೆಯಲ್ಲಿ ತುಂಬಿದ ಬೀಜ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವಂತೆ. ಕರಾವಳಿಯಲ್ಲೂ ಬೇರೆ ಹೆಸರಿನಲ್ಲಿ ಇದೇ ಇತ್ತು: ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಅಕ್ಕಿ ಮುಡಿ, ಭತ್ತಕ್ಕೆ ಮರದ ಪತ್ತಾಯ, ತೂಗುವ ಸಿಕ್ಕ, ಉಪ್ಪಿನಕಾಯಿ ಭರಣಿ. ಅಜ್ಜಿಯಂದಿರನ್ನು ಕೇಳಿದರೆ ಇನ್ನೂ ಹೇಳುತ್ತಾರೆ.

ಈ ಪಟ್ಟಿಯನ್ನು ಹಳೆ ಕಾಲ ಚಂದ ಅಂತ ಹೇಳಲಿಕ್ಕೆ ಇಲ್ಲಿ ಕೊಟ್ಟಿದ್ದಲ್ಲ. ಆ ಒಲೆಯ ಹೊಗೆ ಕುಡಿದು ಕೆಮ್ಮಿದವರು ಹೆಂಗಸರೇ. ಆದರೆ ಅದರಲ್ಲೊಂದು ಕ್ರಮ ಇದೆ. ವರ್ಷದ್ದು ದೂರ, ತಿಂಗಳದ್ದು ಹತ್ತಿರ, ದಿನದ್ದು ಕೈಯಳತೆಯಲ್ಲಿ. ಭಾರದ್ದು ನೆಲಕ್ಕೆ, ಹಗುರದ್ದು ಮೇಲಕ್ಕೆ. ಒಂದೊಂದು ವಸ್ತುವಿಗೆ ಎಷ್ಟು ಗಾಳಿ ಬೇಕು, ಎಷ್ಟು ಶಾಖ ಬೇಕು ಅನ್ನೋದರ ಮೇಲೆ ಅದರ ಜಾಗ. ಇವತ್ತಿನ ಕ್ಯಾಟಲಾಗ್‌ನಲ್ಲಿ ಇರೋದು ಒಂದೇ ಅಳತೆಯ ಮುಚ್ಚಿದ ಪೆಟ್ಟಿಗೆಗಳ ಸಾಲು. ಬಣ್ಣ ಆರಿಸುವುದಷ್ಟೇ ಗಿರಾಕಿಗೆ ಉಳಿದ ಕೆಲಸ.

ಒಲೆಯ ಮೇಲಿನ ಅಟ್ಟ ಏನಾಯಿತು

ಹೊಸ ಮನೆಗಳಲ್ಲಿ ಆಗುವ ದೊಡ್ಡ ತಪ್ಪು ಇಲ್ಲಿಯೇ. ಸೌದೆ ಒಲೆ ಇದ್ದಾಗ ಅದರ ಮೇಲಿನ ಅಟ್ಟ ಮನೆಯಲ್ಲೇ ಅತ್ಯಂತ ಒಣ ಜಾಗ. ಬಿಸಿಗಾಳಿ, ಹೊಗೆ ಸೇರಿ ತೇವ ಹೀರುತ್ತಿತ್ತು, ಹುಳ ಹತ್ತಿರ ಸುಳಿಯುತ್ತಿರಲಿಲ್ಲ. ಹೆಂಚಿನ ಸಂದಿಯಿಂದ ಹಬೆ ಹೊರಗೆ ಹೋಗುತ್ತಿತ್ತು. 2016ರಲ್ಲಿ ಉಜ್ವಲಾ ಬಂದ ಮೇಲೆ ಬಹಳಷ್ಟು ಮನೆಗಳಿಗೆ ಗ್ಯಾಸ್ ಬಂತು, ಹೆಂಚಿನ ಜಾಗಕ್ಕೆ ಆರ್‌ಸಿಸಿ ಬಂತು. ಅಭ್ಯಾಸ ಮಾತ್ರ ಉಳಿಯಿತು: ಒಲೆಯ ಮೇಲೆಯೇ ಲಾಫ್ಟ್, ಲಾಫ್ಟ್‌ನಲ್ಲಿ ಅಕ್ಕಿ, ಬೇಳೆ.

ಗ್ಯಾಸ್ ಉರಿಯಿಂದ ಹೊಗೆ ಬರುವುದಿಲ್ಲ, ನೀರಿನ ಆವಿ ಬರುತ್ತದೆ. ಕುಕ್ಕರಿನ ಸೀಟಿ, ಇಡ್ಲಿ ಪಾತ್ರೆ, ಪತ್ತಿರಿಗೆ ಹಿಟ್ಟು ಬೇಯಿಸುವ ನೀರು, ಎಲ್ಲದರ ಹಬೆ ಮೇಲೇರಿ ತಣ್ಣಗಿನ ಸ್ಲ್ಯಾಬಿಗೆ ತಾಗಿ ಹನಿಯಾಗುತ್ತದೆ. ಅಂದರೆ ಒಣಗಿಸುತ್ತಿದ್ದ ಜಾಗವೇ ಈಗ ಒದ್ದೆ ಮಾಡುವ ಜಾಗ. ಅಲ್ಲಿಟ್ಟ ಬೇಳೆಗೆ ಹುಳ, ಮರದ ಹಲಗೆಗೆ ಬೂಸ್ಟು, ಲ್ಯಾಮಿನೇಟಿನ ಅಂಚು ಕಿತ್ತು ಬರುವುದು ಎಲ್ಲಾ ಇದರಿಂದಲೇ. ಒಲೆಯ ಮೇಲೆ ಚಿಮಣಿಯೋ ಎಕ್ಸಾಸ್ಟ್ ಫ್ಯಾನೋ ಇಲ್ಲದಿದ್ದರೆ ಅಲ್ಲಿ ಕ್ಯಾಬಿನೆಟ್ ಮಾಡಿಸದಿರುವುದೇ ಒಳ್ಳೆಯದು. ಮಾಡಿಸಿದ್ದರೆ ಸ್ಟೀಲ್ ಪಾತ್ರೆಗಳಿಗೆ ಮಾತ್ರ. ಧಾನ್ಯದ ಜಾಗ ಒಲೆಯಿಂದ, ಸಿಂಕಿನಿಂದ ಆಚೆಗಿನ ಗೋಡೆ.

ಮೊದಲು ತೂಕ, ಆಮೇಲೆ ಅಳತೆ

ಕಾರ್ಪೆಂಟರ್ ಟೇಪ್ ಹಿಡಿದು ಬರುವ ಮೊದಲು ಮನೆಯಲ್ಲಿ ಒಂದು ಕಾಗದ ಬೇಕು. ಅದರಲ್ಲಿ ತಿಂಗಳಿಗೆ ಬರುವ ಅಕ್ಕಿ, ರಾಗಿ, ಗೋಧಿ, ಎಣ್ಣೆ, ತೆಂಗಿನಕಾಯಿ, ಈರುಳ್ಳಿ ಎಷ್ಟು. ದಿನಾ ಬಳಸುವ ಪಾತ್ರೆ ಎಷ್ಟು. ವರ್ಷಕ್ಕೆ ಎರಡೋ ಮೂರೋ ಸಲ ಮಾತ್ರ ಹೊರಬರುವ ದೊಡ್ಡ ಪಾತ್ರೆ ಎಷ್ಟು ಅಂತ ಬರೆಯಬೇಕು. ಬರೆಯುವವರು ಅಡುಗೆ ಮಾಡುವವರೇ ಆಗಿರಬೇಕು. ಗಲ್ಫ್‌ನಲ್ಲಿ ಕೂತು ವಾಟ್ಸ್ಯಾಪ್‌ನಲ್ಲಿ ಡಿಸೈನ್ ಓಕೆ ಮಾಡುವ ಮಗನೂ ಅಲ್ಲ, ದುಡ್ಡು ಕೊಡುವ ಗಂಡನೂ ಅಲ್ಲ. ಎಷ್ಟೋ ಮನೆಗಳಲ್ಲಿ ಎಡವಟ್ಟಾಗುವುದು ಈ ಹಂತದಲ್ಲಿ.

ಲೆಕ್ಕ ಹೀಗೆ. ಒಂದು ಲೀಟರ್ ಜಾಗದಲ್ಲಿ ಅಕ್ಕಿ ಸುಮಾರು 800 ಗ್ರಾಂ ಹಿಡಿಯುತ್ತದೆ, ರಾಗಿಯೂ ಹೆಚ್ಚುಕಮ್ಮಿ ಅಷ್ಟೇ. 35 ಕಿಲೋಗೆ 44 ಲೀಟರ್ ಜಾಗ ಬೇಕು. ಅಂಗಡಿಯಲ್ಲಿ ಖಾಲಿಯಾಗಿ ಸಿಗುವ 15 ಕಿಲೋ ಎಣ್ಣೆಯ ಚೌಕ ಡಬ್ಬಿಯನ್ನು ತೊಳೆದು ಬಿಸಿಲಿಗೆ ಒಣಗಿಸಿ, ಮುಚ್ಚಳ ಕೂರಿಸಿದರೆ ಒಂದರಲ್ಲಿ 12-13 ಕಿಲೋ ಅಕ್ಕಿ. ಮೂರು ಡಬ್ಬಿಗೆ ತಿಂಗಳ ಅಕ್ಕಿ ಮುಗಿಯಿತು. ಒಂದು ಡಬ್ಬಿಯ ಬದಿ ಸುಮಾರು 9 ಇಂಚು. ಮೂರನ್ನು ಸಾಲಾಗಿಟ್ಟರೆ ಎರಡೂಕಾಲು ಅಡಿ, ಕಟ್ಟೆಯಡಿ ಸಲೀಸಾಗಿ ಹಿಡಿಯುತ್ತದೆ. ಡಬ್ಬಿ ಚೌಕವೇ ಆಗಲಿ. ದುಂಡಗಿನ ಡಬ್ಬಿಯನ್ನು ಚೌಕ ಜಾಗದಲ್ಲಿ ಇಟ್ಟರೆ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಜಾಗ ಮೂಲೆಗಳಲ್ಲಿ ಸುಮ್ಮನೆ ಹೋಗುತ್ತದೆ. ಧಾನ್ಯ ತುಂಬುವ ಮೊದಲು ಬಿಸಿಲಿಗೆ ಹಾಕಿ, ಆರಿದ ಮೇಲೆ ತುಂಬಬೇಕು. ತೇವದ ಕಾಳನ್ನು ತಗಡಿನ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗೇ ಬೆವರಿ ಮುಗ್ಗಲು ಹಿಡಿಯುತ್ತದೆ.

ಈಗ ಕೋಣೆ. ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಾರ ಊಟದ ಜಾಗ ಬೇರೆ ಇರುವ ಮನೆಯ ಅಡುಗೆಕೋಣೆ ಕನಿಷ್ಠ 5 ಚದರ ಮೀಟರ್, ಅಗಲ 1.8 ಮೀಟರ್ ಇರಬೇಕು. ಕಡಿಮೆ ಆದಾಯದವರ ಮನೆಗೆ 3.3 ಚದರ ಮೀಟರ್‌ವರೆಗೆ ಇಳಿಸಲು ಅವಕಾಶ ಇದೆ. 8 ಅಡಿ ಉದ್ದ, 6 ಅಡಿ ಅಗಲದ ಕೋಣೆ ಇವೆರಡರ ನಡುವೆ ಬರುತ್ತದೆ. ಒಂದು ಉದ್ದ ಗೋಡೆಗೆ 2 ಅಡಿ ಆಳದ ಕಟ್ಟೆ ಹಾಕಿದರೆ ಉಳಿಯುವುದು 4 ಅಡಿ. ಎದುರು ಗೋಡೆಗೂ ಅದೇ ಆಳದ ಕ್ಯಾಬಿನೆಟ್ ಹಾಕಿದರೆ ನಡುವೆ ಬರೀ 2 ಅಡಿ. ಒಬ್ಬರು ಬಗ್ಗಿದರೆ ಇನ್ನೊಬ್ಬರು ದಾಟಲಾಗದು. ಅಲ್ಲಿ 1 ಅಡಿ ಆಳದ ತಟ್ಟುಗಳು ಸಾಕು. ನೆಲದಿಂದ ತಲೆಯೆತ್ತರದವರೆಗೆ ಕಟ್ಟಿದರೆ ಒಂದು ಸಾಲು ಡಬ್ಬಿ ಮಾತ್ರ ನಿಲ್ಲುತ್ತದೆ, ಹಿಂದೆ ಏನೂ ಅಡಗುವುದಿಲ್ಲ. ನಡುವೆ 3 ಅಡಿ ದಾರಿ ಸಿಗುತ್ತದೆ.

ಕಟ್ಟೆಯ ಎತ್ತರಕ್ಕೆ ಮಾರುಕಟ್ಟೆಯ ರೂಢಿ 34 ಇಂಚು. ನಮ್ಮ ಕಡೆ ಹೆಂಗಸರ ಎತ್ತರ ಸರಾಸರಿ 5 ಅಡಿಯ ಆಸುಪಾಸು. ನಿಂತಾಗ ಮಡಚಿದ ಮೊಣಕೈಗಿಂತ ನಾಲ್ಕೈದು ಇಂಚು ಕೆಳಗಿದ್ದರೆ ಹೆಚ್ಚಲಿಕ್ಕೆ, ನಾದಲಿಕ್ಕೆ ಹೆಗಲು ಎತ್ತಬೇಕಾಗಿಲ್ಲ. ಅವರಿಗೆ ಅದು 32 ಇಂಚು ಬರುತ್ತದೆ. ಮುದ್ದೆ ತಿರುವುವವರಿಗೆ ಇನ್ನೂ ತಗ್ಗು ಬೇಕು. ಕೋಲು ಹಿಡಿದು ಮೈಭಾರ ಹಾಕಿ ತಿರುವುವ ಕೆಲಸ ಅದು. ತಾಳವಾಡಿ ಕಡೆ ಎಷ್ಟೋ ಮನೆಗಳಲ್ಲಿ ಗ್ಯಾಸ್ ಬಂದ ಮೇಲೂ ಮುದ್ದೆ ಪಾತ್ರೆಯನ್ನು ನೆಲಕ್ಕಿಳಿಸಿಯೇ ತಿರುವುವುದು ಇದಕ್ಕೇ. ಹಾಗಾಗಿ ಕ್ಯಾಬಿನೆಟ್ ತುಂಬಿಸುವ ಭರದಲ್ಲಿ ನೆಲದ ಆ ಎರಡೂವರೆ ಅಡಿ ಜಾಗವನ್ನು ತಿನ್ನಬಾರದು.

ಮೇಲಿನ ಕ್ಯಾಬಿನೆಟ್‌ನ ಲೆಕ್ಕ ಇನ್ನೂ ಸೋಜಿಗ. ಕಟ್ಟೆ 32 ಇಂಚು, ಅದರ ಮೇಲೆ 20 ಇಂಚು ಖಾಲಿ, ಅಲ್ಲಿಂದ ಕ್ಯಾಬಿನೆಟ್ ಶುರು. 5 ಅಡಿ ಎತ್ತರದವರು ಕಟ್ಟೆಯ ಆಚೆಗೆ ಕೈ ಚಾಚಿ ಭಾರದ ಡಬ್ಬಿಯನ್ನು ಸುರಕ್ಷಿತವಾಗಿ ಇಳಿಸಬಲ್ಲ ಎತ್ತರ ಸುಮಾರು ಐದೂವರೆ ಅಡಿ. ಅಂದರೆ 2 ಅಡಿ ಎತ್ತರದ ಕ್ಯಾಬಿನೆಟ್‌ನಲ್ಲಿ ಕೈಗೆ ಬರುವುದು ಕೆಳಗಿನ ತಟ್ಟು ಒಂದೇ. ಮೇಲಿನದ್ದಕ್ಕೆ ಸ್ಟೂಲ್ ಬೇಕು. ಮೊಣಕಾಲು ನೋವಿನ ಉಮ್ಮನಿಗೆ ಸ್ಟೂಲ್ ಹತ್ತುವ ಅಡುಗೆಮನೆ ಮಾಡಿಕೊಟ್ಟು, ಅದಕ್ಕೆ ಲಕ್ಷಗಟ್ಟಲೆ ಕೊಟ್ಟದ್ದಾಗುತ್ತದೆ.

ಅದಕ್ಕಿಂತ ಕೆಲಸಕ್ಕೆ ಬರುವುದು ಆ 20 ಇಂಚಿನ ಖಾಲಿ ಜಾಗ. ಹಳೆ ಗೋಡೆಯ ಗೂಡು ಇದ್ದದ್ದು ಇದೇ ಎತ್ತರದಲ್ಲಿ, ಕಣ್ಣು ಮತ್ತು ಕೈ ಎರಡಕ್ಕೂ ಎದುರು. ಈಗಿನ 6 ಇಂಚಿನ ಬ್ಲಾಕ್ ಗೋಡೆಯಲ್ಲಿ ಗೂಡು ಕೊರೆಯಲಾಗದು. ಬದಲಿಗೆ 5 ಇಂಚು ಆಳದ ಉದ್ದ ಪಟ್ಟಿಯೊಂದನ್ನು ಗೋಡೆಗೆ ಕೂರಿಸಿದರೆ ಉಪ್ಪು, ಮೆಣಸಿನಪುಡಿ, ಚಹಾ, ಸಕ್ಕರೆ, ದಿನದ ಎಣ್ಣೆ ಎಲ್ಲಾ ಒಂದೇ ಸಾಲಲ್ಲಿ ನಿಲ್ಲುತ್ತವೆ. ಬಾಗಿಲು ಬೇಡ. ಖರ್ಚು ಕೆಲವೇ ನೂರು ರೂಪಾಯಿ. ಒಂದು ಮಾಡ್ಯುಲರ್ ಮಸಾಲೆ ಟ್ರೇಯ ಬೆಲೆಯಲ್ಲಿ ಇಂಥದ್ದು ಎರಡೋ ಮೂರೋ ಆಗುತ್ತವೆ.

ಕಟ್ಟೆಯಡಿಯ 2 ಅಡಿ ಆಳದಲ್ಲಿ ಬಾಗಿಲು ಹಾಕಿದ ತಟ್ಟು ಮಾಡಿಸಿದರೆ ಹಿಂದಿನ ಅರ್ಧ ಸತ್ತ ಜಾಗ. ಬಗ್ಗಿ, ತಲೆ ತೂರಿಸಿ ಹುಡುಕಬೇಕು. ಡ್ರಾಯರ್‌ಗೆ ದುಡ್ಡು ಹಾಕುವುದಾದರೆ ಇಲ್ಲಿ ಮಾತ್ರ ಹಾಕಬೇಕು, ಅದೂ ಒಂದೆರಡಕ್ಕೆ. ಮೂಲೆಯಲ್ಲಿ ತಿರುಗುವ ಟ್ರೇಗಳನ್ನು ಕಂಪೆನಿಯವರು ಬಹಳ ಹೇಳುತ್ತಾರೆ, ಸಣ್ಣ ಕೋಣೆಗೆ ಅದು ದಂಡ. ಆ ಕತ್ತಲ ಮೂಲೆಯಲ್ಲಿ ಪೆರ್ನಾಲಿಗೋ ಮದುವೆಗೋ ಹೊರಬರುವ ಬಿರಿಯಾನಿ ಪಾತ್ರೆ ಇರಲಿ, ಅದರ ಹೊಟ್ಟೆಯೊಳಗೆ ಉಳಿದ ದೊಡ್ಡ ಪಾತ್ರೆಗಳಿರಲಿ. ಅಂದ ಹಾಗೆ, ಬಾಗಿಲ ಚೌಕಟ್ಟು ಕೂರಿಸುವ ಮೊದಲು ಆ ಪಾತ್ರೆಯ ಅಗಲ ಅಳೆದುಕೊಳ್ಳಬೇಕು. ಕೂರಿಸಿದ ಮೇಲೆ ಒಳಗೆ ಹೋಗದೆ ಪಾತ್ರೆ ಟೆರೇಸ್ ಸೇರಿದ ಮನೆಗಳಿಗೆ ಲೆಕ್ಕ ಇಲ್ಲ.

ಫ್ರಾಂಕ್‌ಫರ್ಟ್‌ನಲ್ಲಿ 1926

ಇವತ್ತಿನ ಮಾಡ್ಯುಲರ್ ಕಿಚನ್‌ನ ಮೂಲ ಹುಡುಕಿಕೊಂಡು ಹೋದರೆ ಸಿಗುವುದು ಬಡವರ ಮನೆಯೇ. ಮೊದಲ ಮಹಾಯುದ್ಧದ ನಂತರ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ಕಾರ್ಮಿಕರಿಗೆ ಮನೆ ಕಟ್ಟಿಸುವಾಗ, ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳಾ ವಾಸ್ತುಶಿಲ್ಪಿ 1926ರಲ್ಲಿ ಒಂದು ಅಡುಗೆಕೋಣೆ ರೂಪಿಸಿದರು. ಅಳತೆ ಸುಮಾರು 1.9 ಮೀಟರ್‌ಗೆ 3.4 ಮೀಟರ್. ಹೆಚ್ಚುಕಮ್ಮಿ 10,000 ಮನೆಗಳಿಗೆ ಅದು ಹೋಯಿತು. ಅಕ್ಕಿ, ಸಕ್ಕರೆಯಂಥ ಸಾಮಾನಿಗೆ ಹಿಡಿಕೆ ಮತ್ತು ಸುರಿಯುವ ಮೂತಿ ಇದ್ದ ಅಲ್ಯುಮಿನಿಯಂ ಡಬ್ಬಿಗಳು, ಹಿಟ್ಟಿಗೆ ಹುಳ ಬಾರದಂತೆ ಓಕ್ ಮರದ ಡ್ರಾಯರ್. ಯಾವ ವಸ್ತುವಿಗೆ ಯಾವ ಪಾತ್ರೆ ಅನ್ನುವ ಹಗೇವು-ವಾಡೆಯ ಯೋಚನೆಯೇ ಅಲ್ಲಿಯೂ ಇತ್ತು. ನಂತರ ಬಂದ ವ್ಯಾಪಾರ ಆ ಯೋಚನೆಯನ್ನು ಬಿಟ್ಟು ಪೆಟ್ಟಿಗೆಯನ್ನು ಮಾತ್ರ ಉಳಿಸಿಕೊಂಡಿತು.

ಆ ಅಡುಗೆಕೋಣೆಯ ಮೇಲೊಂದು ದೂರೂ ಇದೆ. ಅದರಲ್ಲಿ ಒಬ್ಬರೇ ನಿಲ್ಲಬಹುದಿತ್ತು. ಉಮ್ಮ, ಸೊಸೆ, ಮಗಳು ಸೇರಿ ಕೆಲಸ ಮಾಡುವ ನಮ್ಮ ಮನೆಗಳಿಗೆ ಅದನ್ನು ಹಾಗೆಯೇ ಇಳಿಸಿದರೆ ಆಗದು. ಮೂರು ಅಡಿ ದಾರಿ ಬಿಡಬೇಕು ಅಂದದ್ದು ಅದಕ್ಕೇ.

ಯಾವುದರಲ್ಲಿ ಮಾಡಿಸೋದು

ಪ್ಲೈವುಡ್, ಹಾರ್ಡ್‌ವೇರ್, ಅಲ್ಯುಮಿನಿಯಂ ಫ್ಯಾಬ್ರಿಕೇಶನ್ ಕೆಲಸದಲ್ಲಿರುವ ಯುವಕರು ಇದನ್ನು ಗಿರಾಕಿಗೆ ಬಿಡಿಸಿ ಹೇಳಬೇಕು, ಯಾಕೆಂದರೆ ದುಡ್ಡು ಹಾಳಾಗುವುದು ಇಲ್ಲೇ. ಅಗ್ಗದ ರೆಡಿಮೇಡ್ ಕ್ಯಾಬಿನೆಟ್‌ಗಳ ಒಳಗೆ ಇರುವುದು ಪಾರ್ಟಿಕಲ್ ಬೋರ್ಡ್, ಮರದ ಚೂರಿಗೆ ಅಂಟು ಹಾಕಿ ಒತ್ತಿದ್ದು. ಅಂಚಿನ ಪಟ್ಟಿ ಒಂದು ಕಡೆ ಬಿಟ್ಟು ನೀರು ಒಳಗೆ ಹೋದರೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ, ಹಿಂಜ್‌ನ ಸ್ಕ್ರೂ ಕಿತ್ತು ಬರುತ್ತದೆ. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ ಸಿಂಕಿನಡಿ ಇದನ್ನು ಹಾಕುವುದು ಸಾಲ ಮಾಡಿ ಬೂಸ್ಟು ಬೆಳೆಸಿದ ಹಾಗೆ. ಪ್ಲೈವುಡ್ ಬೇಕಾದರೆ ಐಎಸ್ 710 ಮುದ್ರೆಯದ್ದು ನೀರಿನ ಜಾಗಕ್ಕೆ, ಐಎಸ್ 303ರ ಬಿಡಬ್ಲ್ಯುಆರ್ ದರ್ಜೆಯದ್ದು ಉಳಿದ ಕಡೆಗೆ. ಹಲಗೆಯ ಮೇಲಿನ ಮುದ್ರೆ ನೋಡಿಯೇ ತಗೋಬೇಕು, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಪಿವಿಸಿ, ಡಬ್ಲ್ಯುಪಿಸಿ ಹಲಗೆಗೆ ನೀರು, ಗೆದ್ದಲು ಎರಡರ ಭಯವೂ ಇಲ್ಲ. ಆದರೆ ಒಲೆಯ ಪಕ್ಕದ ಶಾಖಕ್ಕೆ ಬಾಗಬಹುದು, ಭಾರಕ್ಕೆ ಸ್ಕ್ರೂ ಹಿಡಿತ ಕಡಿಮೆ. ಬುಟ್ಟಿಗಳು ಸ್ಟೀಲ್‌ನವಾದರೆ 304 ದರ್ಜೆಯವು ಕರಾವಳಿಯ ಗಾಳಿಗೆ ಬಾಳುತ್ತವೆ, 202 ದರ್ಜೆಯವು ಬೇಗ ತುಕ್ಕು ಹಿಡಿಯುತ್ತವೆ.

ಸಣ್ಣ ಮನೆಗೆ ಇವೆಲ್ಲಕ್ಕಿಂತ ಗಟ್ಟಿ ಆಯ್ಕೆ ಕಲ್ಲು. ತಾಳವಾಡಿಯಿಂದ ಗಡಿ ದಾಟಿದರೆ ಚಾಮರಾಜನಗರ. ಅಲ್ಲಿಯ ಕರಿಕಲ್ಲು ಹೊರದೇಶಕ್ಕೂ ಹೋಗುತ್ತದೆ. ಪಾಲಿಷ್ ಕಾರ್ಖಾನೆಗಳಲ್ಲಿ ಉಳಿಯುವ ತುಂಡು ಕಲ್ಲು ಅಡುಗೆಮನೆಯ ತಟ್ಟಿಗೆ ಬೇಕಾದಷ್ಟು. ಕರಾವಳಿಯಲ್ಲಿ ಎಲ್ಲಾ ಕಡೆ ಸಿಗುವುದು ಕಡಪ ಕಲ್ಲು. ನಾಲ್ಕೂವರೆ ಇಂಚಿನ ಇಟ್ಟಿಗೆ ಅಡ್ಡಗೋಡೆ ಎಬ್ಬಿಸಿ, ಮುಕ್ಕಾಲು ಇಂಚಿನ ಕಲ್ಲನ್ನು ತಟ್ಟಾಗಿ ಕೂರಿಸಿ, ಕಟ್ಟೆಯ ಮೇಲೆ ಕರಿಕಲ್ಲು ಹಾಸಿದರೆ ಮೂಲ ಕೆಲಸ ಮುಗಿಯಿತು. ಗೆದ್ದಲಿಲ್ಲ, ಉಬ್ಬುವುದಿಲ್ಲ, 50 ಕಿಲೋ ಮೂಟೆ ಹೊರುತ್ತದೆ, ನೀರು ಹಾಕಿ ತೊಳೆಯಬಹುದು. ಅಲ್ಯುಮಿನಿಯಂ ಚೌಕಟ್ಟಿನ ಬಾಗಿಲನ್ನು ಮುಂದೆ ದುಡ್ಡು ಕೂಡಿದಾಗ ಒಂದೊಂದಾಗಿ ಹಾಕಿಸಿಕೊಳ್ಳಬಹುದು. ಧಾನ್ಯದ ಖಾನೆಗೆ ಪೂರ್ತಿ ಹಲಗೆಯ ಬದಲು ಸಣ್ಣ ಕಣ್ಣಿನ ಸ್ಟೀಲ್ ಜಾಲರಿ ಹಾಕಿದರೆ ಗಾಳಿ ಆಡುತ್ತದೆ, ಇಲಿ ಬರುವುದಿಲ್ಲ. ಕಲ್ಲಿನದ್ದು ಒಂದೇ ತೊಂದರೆ, ಒಮ್ಮೆ ಕೂರಿಸಿದರೆ ಕದಲಿಸಲಾಗದು. ಬಾಡಿಗೆ ಮನೆಯವರಿಗೆ ಇದು ಆಗಿಬರದು. ಅವರಿಗೆ ಕಾಲಿರುವ ಸ್ಟೀಲ್ ರ‍್ಯಾಕೇ ವಾಸಿ, ಮನೆ ಬಿಡುವಾಗ ಜೊತೆಗೇ ಹೋಗುತ್ತದೆ.

ಕಾಡಂಚಿನ ಮನೆಗಳಿಗೆ ಇನ್ನೊಂದು ಮಾತು. ಸತ್ಯಮಂಗಲ ಅರಣ್ಯ 2013ರಿಂದ ಹುಲಿ ಮೀಸಲು ಪ್ರದೇಶ. ತಾಳವಾಡಿಯ ಹೊಲಗಳಿಗೆ ಆನೆ ನುಗ್ಗುವುದು ಮಾಮೂಲಿ. ಅದೇ ಘಟ್ಟಸಾಲಿನ ವಾಲ್ಪಾರೆಯಲ್ಲಿ ಆನೆಗಳು ರೇಷನ್ ಅಂಗಡಿ, ಶಾಲೆಯ ಊಟದ ಕೋಣೆಯ ಗೋಡೆ ಒಡೆದು ಅಕ್ಕಿ, ಬೇಳೆ ಎಳೆದಿವೆ. ಹೀಗಿರುವಾಗ ಅಕ್ಕಿ, ಬೆಲ್ಲ, ಉಪ್ಪಿನ ಖಾನೆಯನ್ನು ಕಾಡಿನ ಕಡೆಯ ಹೊರಗೋಡೆಗೆ ತಾಗಿಸಿ ಕಟ್ಟಬಾರದು. ಅದರ ಬೆನ್ನಿಗೆ ಮಲಗುವ ಜಾಗವೂ ಇರಬಾರದು. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ವಾಸನೆಯೂ ಕಡಿಮೆ.

ಸಿಲಿಂಡರ್ ಎಲ್ಲಿ

ಕ್ಯಾಬಿನೆಟ್ ಚಂದ ಕಾಣಲಿ ಅಂತ ಗ್ಯಾಸ್ ಸಿಲಿಂಡರನ್ನು ಬಾಗಿಲ ಹಿಂದೆ ಪೂರ್ತಿ ಮುಚ್ಚಿಡುವುದು ಈಗಿನ ರೂಢಿ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದಲ್ಲಿ ಕೆರೆಯಂತೆ ನಿಲ್ಲುತ್ತದೆ. ಮುಚ್ಚಿದ ಖಾನೆಯಲ್ಲಿ ನಿಂತರೆ ಮೂಗಿಗೆ ತಡವಾಗಿ ತಿಳಿಯುತ್ತದೆ, ಅಷ್ಟರಲ್ಲಿ ಯಾರೋ ಸ್ವಿಚ್ ಹಾಕಿರುತ್ತಾರೆ. ಸಿಲಿಂಡರ್ ಇಡುವ ಖಾನೆಗೆ ಬಾಗಿಲೇ ಬೇಡ. ಬೇಕೇ ಬೇಕೆಂದರೆ ಬಾಗಿಲ ಕೆಳಗೆ, ನೆಲಮಟ್ಟದಲ್ಲಿ ಅಗಲವಾದ ಜಾಲರಿ ಇರಲಿ, ಮೇಲೂ ಒಂದಿರಲಿ. ಖಾನೆಯೊಳಗೆ ಪ್ಲಗ್ ಪಾಯಿಂಟ್, ಫ್ರಿಡ್ಜ್ ವೈರ್, ಇನ್ವರ್ಟರ್ ಏನೂ ಬೇಡ. ಸಿಲಿಂಡರ್ ನಿಂತೇ ಇರಬೇಕು, ಒಲೆ ಅದಕ್ಕಿಂತ ಎತ್ತರದಲ್ಲಿರಬೇಕು. ಪೈಪು ಸುರಕ್ಷಾ ಮಾದರಿಯದ್ದಾದರೂ 5 ವರ್ಷಕ್ಕೆ ಬದಲಿಸಬೇಕು, ಪೈಪಿನ ಮೇಲೆಯೇ ತಾರೀಕು ಅಚ್ಚಾಗಿರುತ್ತದೆ. ಹಲಗೆಗೆ ತೂತು ಕೊರೆದು ಪೈಪ್ ದಾಟಿಸುವಾಗ ಆ ಭಾಗ ಕಣ್ಣಿಗೆ ಕಾಣದಂತೆ ಮಾಡುವುದು ದೊಡ್ಡ ತಪ್ಪು. ಇಲಿ ಕಡಿದರೂ ಗೊತ್ತಾಗುವುದಿಲ್ಲ.

ತುಂಬಿದ 14.2 ಕಿಲೋ ಸಿಲಿಂಡರ್‌ನ ಒಟ್ಟು ತೂಕ 30 ಕಿಲೋದ ಹತ್ತಿರ. ಬದಲಿಸುವಾಗ ಅದನ್ನು ಎಳೆಯುವುದು ಹೆಚ್ಚಾಗಿ ಮನೆಯಲ್ಲಿ ಒಂಟಿಯಾಗಿರುವ ಹೆಂಗಸು. ಖಾನೆಯ ನೆಲ ಕೋಣೆಯ ನೆಲಕ್ಕೆ ಸಮವಾಗಿರಬೇಕು, ಹೊಸ್ತಿಲಿನಂಥ ಪಟ್ಟಿ ಇರಬಾರದು. ಕಲ್ಲಿನ ಕಟ್ಟೆ ಕಟ್ಟುವ ಮೇಸ್ತ್ರಿಗೆ ಇದನ್ನು ಮೊದಲೇ ಹೇಳಬೇಕು, ಯಾಕೆಂದರೆ ಅಡಿಯಲ್ಲಿ ಮೂರಿಂಚು ಎತ್ತರಿಸಿ ಕಟ್ಟುವುದು ಅವರ ಅಭ್ಯಾಸ. ಉಳಿದ ಖಾನೆಗಳಿಗೆ ಅದು ಒಳ್ಳೆಯದೇ, ನೆಲ ತೊಳೆದ ನೀರು ಒಳಗೆ ಹೋಗುವುದಿಲ್ಲ. ಸಿಲಿಂಡರ್‌ನ ಖಾನೆಯಲ್ಲಿ ಮಾತ್ರ ಅದನ್ನು ಬಿಡಿಸಬೇಕು.